ವಿಮೆ ಇದ್ದೂ ಕೈಯಿಂದ ಕಟ್ಟುವ ದುಡ್ಡು

ಮಗಳಿಗೆ ಸೀಟು ಸಿಕ್ಕಿತು, ಮೊದಲ ವರ್ಷದ ಫೀಸಿಗೆ ಹೇಗೋ ದುಡ್ಡೂ ಹೊಂದಿತು ಎನ್ನುವ ಹೊತ್ತಿಗೆ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕು ಎಂದರೆ ಎಂಥ ಗಟ್ಟಿ ಮನಸ್ಸಿನವರೂ ಒಂದು ಕ್ಷಣ ಕುಸಿಯುತ್ತಾರೆ. ಆಗ ನೆಂಟರಿಷ್ಟರೆಲ್ಲ ಹೇಳುವ ಸಮಾಧಾನದ ಮಾತು ಒಂದೇ. ‘ಇನ್ಶೂರೆನ್ಸ್ ಇದೆಯಲ್ಲ, ಚಿಂತೆ ಯಾಕೆ?’ ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಕೌಂಟರಿನಲ್ಲಿ ಕೂತವರು ಮೂರು ಪುಟದ ಬಿಲ್ಲು ಚಾಚಿ, ‘ಇಷ್ಟು ಪಾಸಾಗಿದೆ, ಉಳಿದದ್ದು ನೀವು ಕಟ್ಟಬೇಕು’ ಎಂದಾಗಲೇ ಗೊತ್ತಾಗುವುದು, ಚಿಂತೆ ಮಾಡಬೇಕಿತ್ತು ಎಂದು. ಕೊನೆಗೆ ಆ ‘ಉಳಿದದ್ದು’ ಹೋಗುವುದು ಫೀಸಿನ ದುಡ್ಡಿನಿಂದಲೇ.

ಪಾಲಿಸಿಯ ಮೊತ್ತಕ್ಕಿಂತ ಬಿಲ್ಲು ಹೆಚ್ಚಾದರೆ ಕೈಯಿಂದ ಹಾಕಬೇಕು ಎನ್ನುವುದು ಯಾರಿಗಾದರೂ ಅರ್ಥವಾಗುತ್ತದೆ. ಅರ್ಥವಾಗದಿರುವುದು ಇದು: ಎರಡು ಲಕ್ಷದ ಪಾಲಿಸಿ ಇದೆ, ಬಿಲ್ಲು ಎರಡು ಲಕ್ಷದೊಳಗೇ ಇದೆ, ಆದರೂ ಅರ್ಧ ಲಕ್ಷಕ್ಕಿಂತ ಹೆಚ್ಚು ನಾವೇ ಕಟ್ಟಬೇಕು. ಇದು ಹೇಗೆ?

ಗುಟ್ಟು ಇರುವುದು ಕೊಠಡಿಯ ಬಾಡಿಗೆಯಲ್ಲಿ. ಬಹಳಷ್ಟು ಹಳೆಯ ಪಾಲಿಸಿಗಳಲ್ಲಿ, ಅಗ್ಗದ ಪಾಲಿಸಿಗಳಲ್ಲಿ ದಿನದ ಬಾಡಿಗೆಗೆ ಒಂದು ಮಿತಿ ಹಾಕಿರುತ್ತಾರೆ. ಸಾಮಾನ್ಯವಾಗಿ ವಿಮಾ ಮೊತ್ತದ ಶೇಕಡಾ 1 ಅಥವಾ 2. ಎರಡು ಲಕ್ಷಕ್ಕೆ ಶೇಕಡಾ 1 ಎಂದರೆ ದಿನಕ್ಕೆ 2,000 ರೂಪಾಯಿ. ಆಸ್ಪತ್ರೆಯಲ್ಲಿ ಆ ಬೆಲೆಗೆ ಸಿಗುವುದು ಜನರಲ್ ವಾರ್ಡು ಅಥವಾ ಮೂರು ಹಾಸಿಗೆಯ ಕೊಠಡಿ. ‘ಅಪ್ಪನಿಗೆ ನಿದ್ದೆ ಬರುವುದಿಲ್ಲ, ದಿನಕ್ಕೆ ಎರಡು ಸಾವಿರ ಹೆಚ್ಚು ತಾನೇ, ನಾವೇ ಕೊಟ್ಟರಾಯಿತು’ ಎಂದು ಮಗ 4,000 ರೂಪಾಯಿಯ ಕೊಠಡಿ ಹಿಡಿಯುತ್ತಾನೆ. ನಾಲ್ಕು ದಿನಕ್ಕೆ 8,000 ರೂಪಾಯಿ ಹೆಚ್ಚಾಗಬಹುದು ಎಂದು ಅವನ ಲೆಕ್ಕ.

ಆಸ್ಪತ್ರೆಯ ಲೆಕ್ಕವೇ ಬೇರೆ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಹೆಚ್ಚಿನ ಕಡೆ ಸರ್ಜನ್ ಫೀಸು, ಅರಿವಳಿಕೆ ತಜ್ಞರ ಫೀಸು, ಆಪರೇಷನ್ ಥಿಯೇಟರಿನ ಬಾಡಿಗೆ, ತಜ್ಞ ವೈದ್ಯರು ಒಂದು ಸಲ ಬಂದು ನೋಡಿ ಹೋಗುವ ಫೀಸು ಎಲ್ಲವೂ ಕೊಠಡಿಯ ದರ್ಜೆಗೆ ತಕ್ಕಂತೆ ಏರುತ್ತವೆ. ಅದೇ ವೈದ್ಯರು, ಅದೇ ಕೈ, ಅದೇ ಕತ್ತರಿ. ಜನರಲ್ ವಾರ್ಡಿನವನ ಪಿತ್ತಕೋಶ ತೆಗೆದರೆ ಒಂದು ದರ, ಡೀಲಕ್ಸ್ ಕೊಠಡಿಯವನದು ತೆಗೆದರೆ ಇನ್ನೊಂದು. ಉಳ್ಳವರಿಂದ ಹೆಚ್ಚು ತೆಗೆದುಕೊಂಡು ಇಲ್ಲದವರಿಗೆ ಕಡಿಮೆ ಮಾಡುತ್ತೇವೆ ಎಂಬ ಸಮರ್ಥನೆ ಇದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ ಎನ್ನಿ. ಆದರೆ ಕೊಠಡಿ ತೋರಿಸುವಾಗ ಈ ಮಾತನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಟಿ.ವಿ. ಇದೆ, ಗೀಸರ್ ಇದೆ ಎಂದು ಮಾತ್ರ ಹೇಳುತ್ತಾರೆ.

ವಿಮಾ ಕಂಪನಿ ಇದನ್ನೇ ಹಿಡಿದುಕೊಳ್ಳುತ್ತದೆ. ‘ನಿಮಗೆ ಅರ್ಹತೆ ಇದ್ದದ್ದು 2,000ದ ಕೊಠಡಿಗೆ, ನೀವು ಇದ್ದದ್ದು 4,000ದ ಕೊಠಡಿಯಲ್ಲಿ, ಆದ್ದರಿಂದ ಕೊಠಡಿಯ ಜೊತೆ ಏರುವ ಖರ್ಚುಗಳಲ್ಲೂ ಅರ್ಧ ಮಾತ್ರ ಕೊಡುತ್ತೇವೆ’ ಎನ್ನುತ್ತದೆ. ಇದಕ್ಕೆ ಅನುಪಾತದ ಕಡಿತ ಎಂದು ಹೆಸರು. ಕಾಗದ ಪೆನ್ನು ತೆಗೆದುಕೊಂಡು ಒಂದು ಲೆಕ್ಕ ಹಾಕೋಣ. (ಪ್ರೌಢಶಾಲೆಯಲ್ಲಿ ಅನುಪಾತ ಕಲಿತು ಏನು ಪ್ರಯೋಜನ ಎಂದು ಕೇಳುವ ಹುಡುಗರು ದಯವಿಟ್ಟು ಗಮನಿಸಬೇಕು.) ನಾಲ್ಕು ದಿನದ ಬಾಡಿಗೆ 16,000. ಸರ್ಜನ್, ಅರಿವಳಿಕೆ, ಥಿಯೇಟರು, ವೈದ್ಯರ ಭೇಟಿ ಎಲ್ಲ ಸೇರಿ 1,00,000 ಎಂದಿಟ್ಟುಕೊಳ್ಳಿ. ಔಷಧ 40,000, ರಕ್ತಪರೀಕ್ಷೆ, ಸ್ಕ್ಯಾನು 16,000. ಒಟ್ಟು 1,72,000. ಕಂಪನಿ ಬಾಡಿಗೆಯಲ್ಲಿ 8,000 ಕೊಡುತ್ತದೆ, ವೈದ್ಯರ ಕಡೆಯ ಲಕ್ಷದಲ್ಲಿ 50,000 ಕೊಡುತ್ತದೆ, ಔಷಧ ಮತ್ತು ಪರೀಕ್ಷೆಯ 56,000 ಪೂರ್ತಿ ಕೊಡುತ್ತದೆ. ಒಟ್ಟು 1,14,000. ಮಗ 8,000 ಎಂದುಕೊಂಡಿದ್ದ, ಕಟ್ಟಬೇಕಾದದ್ದು 58,000!

ಔಷಧ ಮತ್ತು ಪರೀಕ್ಷೆಗಳನ್ನು ಕಡಿತದಿಂದ ಹೊರಗಿಟ್ಟದ್ದು ಕಂಪನಿಯ ಔದಾರ್ಯವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಿಂದ ಆದದ್ದು. ಔಷಧ, ದೇಹದೊಳಗೆ ಕೂರಿಸುವ ಸಾಧನಗಳು, ರೋಗಪತ್ತೆಯ ಪರೀಕ್ಷೆ, ಇವುಗಳ ಮೇಲೆ ಅನುಪಾತದ ಕತ್ತರಿ ಆಡಿಸಬಾರದು. ತೀವ್ರ ನಿಗಾ ಘಟಕದ ಬಾಡಿಗೆಗೂ ಆಡಿಸಬಾರದು. ಕೊಠಡಿಗೊಂದು ದರ ಇಲ್ಲದ, ಎಲ್ಲರಿಗೂ ಒಂದೇ ಫೀಸು ಹಾಕುವ ಆಸ್ಪತ್ರೆಯಾದರೆ ಕಡಿತವನ್ನೇ ಮಾಡಬಾರದು ಎಂದು ಅದರಲ್ಲಿ ಹೇಳಿದೆ. ಈ ಕೊನೆಯ ಮಾತು ಬಹಳ ಮುಖ್ಯ. ನಿಮ್ಮ ಊರಿನ ಮಧ್ಯಮ ಗಾತ್ರದ ನರ್ಸಿಂಗ್ ಹೋಮಿನಲ್ಲಿ ಸರ್ಜನ್ ಫೀಸು ಎಲ್ಲ ಕೊಠಡಿಗೂ ಒಂದೇ ಇದ್ದರೆ, ಅದನ್ನು ಅವರಿಂದ ಬರೆಸಿಕೊಂಡು ಕಂಪನಿಗೆ ಕಳುಹಿಸಬಹುದು. ಕಡಿತವಾದ ದುಡ್ಡನ್ನು ಮತ್ತೆ ಕೇಳುವ ಹಕ್ಕು ನಿಮಗಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕೈಗವಸು, ಮುಖಗವಸು, ಡೈಪರು, ಥರ್ಮಾಮೀಟರು ಮೊದಲಾದ ಸಣ್ಣಪುಟ್ಟ ಸಾಮಾನುಗಳ ದೊಡ್ಡದೊಂದು ಪಟ್ಟಿಯೇ ಇದೆ. ಮಾಮೂಲಿ ಪಾಲಿಸಿಗಳು ಇವಕ್ಕೆ ದುಡ್ಡು ಕೊಡುವುದಿಲ್ಲ. ಒಂದೊಂದೂ ನೂರು ಇನ್ನೂರು ರೂಪಾಯಿ, ಕೂಡಿಸಿದರೆ ಸಾವಿರಗಳು. ಕೆಲವು ಪಾಲಿಸಿಗಳಲ್ಲಿ ಪ್ರತಿ ಬಿಲ್ಲಿನಲ್ಲೂ ಇಂತಿಷ್ಟು ಪಾಲು ರೋಗಿಯದು ಎಂಬ ಷರತ್ತು ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಬಂದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಪಾಲಿಸಿಯನ್ನೇ ನೋಡಿ. ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕು ಎಂದು ಪ್ರಾಧಿಕಾರವೇ ರೂಪಿಸಿದ್ದು. ಅದರಲ್ಲೂ ಶೇಕಡಾ 5 ರೋಗಿಯ ಪಾಲು, ಬಾಡಿಗೆ ವಿಮಾ ಮೊತ್ತದ ಶೇಕಡಾ 2, ಅದೂ ದಿನಕ್ಕೆ 5,000ದೊಳಗೆ. ಆದರೂ ಷರತ್ತು ಸರಳವಾಗಿದೆ, ಓದಿದರೆ ತಿಳಿಯುತ್ತದೆ. ಓದಬೇಕು, ಅಷ್ಟೆ.

ಈಗ ತಜ್ಞರ ಫೀಸಿನ ವಿಷಯಕ್ಕೆ ಬರೋಣ. ಅಡ್ಮಿಟ್ ಆಗದೆ, ಬರೀ ಕ್ಲಿನಿಕ್ಕಿಗೆ ಹೋಗಿ ಹೃದಯ ತಜ್ಞರನ್ನೋ ನರರೋಗ ತಜ್ಞರನ್ನೋ ಕಂಡು ಬಂದರೆ ಆ ಫೀಸು ಸಾಮಾನ್ಯ ಪಾಲಿಸಿಗಳಲ್ಲಿ ಬರುವುದೇ ಇಲ್ಲ. ಐದು ನಿಮಿಷ ನೋಡುತ್ತಾರೆ, ಎಂಟುನೂರು ಸಾವಿರ ತೆಗೆದುಕೊಳ್ಳುತ್ತಾರೆ, ಮೂರು ಪರೀಕ್ಷೆ ಬರೆಯುತ್ತಾರೆ, ರಿಪೋರ್ಟು ತೋರಿಸಲು ಹೋದರೆ ಮತ್ತೆ ಫೀಸು. ಇದು ನಾನು ಹೋದಲ್ಲೆಲ್ಲ ಕೇಳುವ ದೂರು. ವೈದ್ಯರ ಕಡೆಯ ಮಾತೂ ಇದೆ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿಗೆ ಮೂರು, ಡಿಎಂಗೆ ಮತ್ತೆ ಮೂರು. ಎಲ್ಲೂ ಒಂದು ವರ್ಷವೂ ತಪ್ಪದೆ ಓದಿದರೂ ಹನ್ನೊಂದೂವರೆ ವರ್ಷ. ಸ್ನೇಹಿತರು ಎಂಜಿನಿಯರಿಂಗ್ ಮುಗಿಸಿ ಮನೆ ಕಟ್ಟಿ ಮಕ್ಕಳನ್ನು ಶಾಲೆಗೆ ಸೇರಿಸುವ ವಯಸ್ಸಿನಲ್ಲಿ ಇವರು ಕೆಲಸ ಶುರು ಮಾಡುತ್ತಾರೆ. ಖಾಸಗಿ ಸೀಟಿಗೆ ಸುರಿದ ದುಡ್ಡು ಬೇರೆ. ‘ನನ್ನ ಮಗ ಡಾಕ್ಟರ್ ಆಗಲೇಬೇಕು’ ಎಂದು ಆಸ್ತಿ ಮಾರುವ ತಂದೆಯೂ, ‘ಡಾಕ್ಟರು ಸುಲಿಯುತ್ತಾರೆ’ ಎಂದು ಬೈಯುವ ತಂದೆಯೂ ಎಷ್ಟೋ ಸಲ ಒಬ್ಬರೇ ಆಗಿರುತ್ತಾರೆ!

ಕಷ್ಟಪಟ್ಟು ಓದಿದವರು ಒಳ್ಳೆಯ ಫೀಸು ಕೇಳುವುದು ತಪ್ಪಲ್ಲ. ಮೊದಲೇ ಹೇಳದಿರುವುದು ತಪ್ಪು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳಲ್ಲಿ ವೈದ್ಯರು ತಮ್ಮ ಫೀಸನ್ನು ಫಲಕದಲ್ಲಿ ಪ್ರದರ್ಶಿಸಬೇಕು ಎಂದಿದೆ. ರೋಗಿಯನ್ನು ಕಳುಹಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡುವುದೂ ಪಡೆಯುವುದೂ ಕೂಡದು ಎಂದಿದೆ. ರೋಗಿ ಕೇಳಿದರೆ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು ಎಂದೂ ಇದೆ. ನೀವು ಕೊನೆಯ ಸಲ ಫೀಸಿನ ಫಲಕ ನೋಡಿದ್ದು ಯಾವ ಕ್ಲಿನಿಕ್ಕಿನಲ್ಲಿ?

ನಮ್ಮ ರಾಜ್ಯದ ಕತೆ ಇನ್ನೂ ಸ್ವಾರಸ್ಯ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ಇದೆ. ದರಪಟ್ಟಿ ಪ್ರಕಟಿಸಬೇಕು ಎಂಬ ಮಾತು ಅದರಲ್ಲೇ ಇದೆ. 2017ರಲ್ಲಿ ಸರ್ಕಾರ ಅದಕ್ಕೆ ತಿದ್ದುಪಡಿ ತಂದು, ಖಾಸಗಿ ಆಸ್ಪತ್ರೆಗಳ ದರವನ್ನು ತಾನೇ ನಿಗದಿ ಮಾಡುವುದಾಗಿ ಹೊರಟಿತು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಹೊರರೋಗಿ ವಿಭಾಗಗಳಿಗೆ ಬೀಗ ಬಿತ್ತು, ಬೆಳಗಾವಿಯ ಅಧಿವೇಶನದಲ್ಲಿ ದೊಡ್ಡ ಗದ್ದಲವಾಯಿತು. ಕೊನೆಗೆ ಅಂಗೀಕಾರವಾದ ಕಾಯ್ದೆಯಲ್ಲಿ ಸರ್ಕಾರದ ದರ ಸರ್ಕಾರಿ ಯೋಜನೆಯ ರೋಗಿಗಳಿಗೆ ಮಾತ್ರ ಎಂದಾಯಿತು. ಕೈಯಿಂದ ದುಡ್ಡು ಕೊಡುವವನ ಮತ್ತು ವಿಮೆಯವನ ದರ ಮಾರುಕಟ್ಟೆಗೇ ಉಳಿಯಿತು. ಆ ಜಗಳದಲ್ಲಿ ಯಾರು ಗೆದ್ದರು ಎಂದು ನಿಮಗೇ ಬಿಟ್ಟಿದ್ದೇನೆ.

ಆದ್ದರಿಂದ ಉಳಿದಿರುವ ದಾರಿ ಕೇಳುವುದು. ಅಡ್ಮಿಟ್ ಆಗುವ ಮೊದಲು ಅಂದಾಜು ಖರ್ಚನ್ನು ಬರವಣಿಗೆಯಲ್ಲಿ ಕೇಳಿ. ‘ನನ್ನ ಪಾಲಿಸಿಯಲ್ಲಿ ದಿನಕ್ಕೆ ಇಷ್ಟು ಬಾಡಿಗೆ, ಅದಕ್ಕೆ ಯಾವ ಕೊಠಡಿ ಬರುತ್ತದೆ, ಆ ಕೊಠಡಿಯಲ್ಲಿ ಸರ್ಜನ್ ಫೀಸು ಎಷ್ಟು?’ ಎಂಬ ಒಂದೇ ಪ್ರಶ್ನೆ ಸಾಕು. ಅಪ್ಪ ಅಮ್ಮ ಆ ಗಾಬರಿಯಲ್ಲಿ ಇದನ್ನು ಕೇಳಲಾರರು, ಮಕ್ಕಳು ಕೇಳಬೇಕು. ಪಿಯುಸಿ ಓದುವ ಹುಡುಗಿಗೆ ಇದು ಅಸಾಧ್ಯದ ಕೆಲಸವೇನಲ್ಲ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಅಡ್ಮಿಟ್ ಆಗುವುದಕ್ಕೆ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನ ಅದೇ ಕಾಯಿಲೆಗಾಗಿ ತಜ್ಞರಿಗೆ ಕೊಟ್ಟ ಫೀಸು, ಮಾಡಿಸಿದ ಪರೀಕ್ಷೆ, ಕೊಂಡ ಔಷಧ ಇವನ್ನು ಬಹುತೇಕ ಪಾಲಿಸಿಗಳಲ್ಲಿ ವಾಪಸು ಪಡೆಯಬಹುದು. ರಸೀದಿ ಬೇಕು. ರಸೀದಿ ಕೊಡದ ತಜ್ಞರಿದ್ದಾರೆ. ಅವರ ಹತ್ತಿರ ಸಂಕೋಚವಿಲ್ಲದೆ ಕೇಳಿ.

ಕಂಪನಿ ಸತಾಯಿಸಿದರೆ? 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು, ಬಿಡುಗಡೆಯ ಬಿಲ್ಲಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚಿಗೆ ಹಾಕಿದರೆ ಆ ಹೊರೆ ಕಂಪನಿಯದು. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ನಾಲ್ಕು ವರ್ಷ ಇದ್ದದ್ದು ಹೆಚ್ಚೆಂದರೆ ಮೂರು ವರ್ಷಕ್ಕೆ ಇಳಿದಿದೆ. ಸತತ ಐದು ವರ್ಷ ಪಾಲಿಸಿ ನಡೆಸಿದ ಮೇಲೆ, ವಂಚನೆ ರುಜುವಾತಾಗದ ಹೊರತು, ‘ನೀವು ಮೊದಲೇ ಹೇಳಲಿಲ್ಲ’ ಎಂದು ಕ್ಲೇಮು ತಳ್ಳುವಂತಿಲ್ಲ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ. ಒಂದು ವರ್ಷದೊಳಗೆ ಹೋಗಬೇಕು. ಫೀಸಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ತೀರ್ಮಾನಿಸುವ ಅಧಿಕಾರ ಅವರಿಗಿದೆ. ಮೂರು ಪುಟದ ಬಿಲ್ಲು, ಕಂಪನಿಯ ಪತ್ರ, ನಿಮ್ಮ ದೂರಿನ ಪ್ರತಿ ಇಷ್ಟಿದ್ದರೆ ಅರ್ಜಿ ಬರೆಯಬಹುದು.

ಪಡಿತರ ಚೀಟಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೂ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸಿಗುತ್ತದೆ ಎಂಬುದು ಎಷ್ಟೋ ಮೇಷ್ಟ್ರುಗಳಿಗೇ ತಿಳಿಯದು. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೇರವಾಗಿ ದೊಡ್ಡ ಆಸ್ಪತ್ರೆಗೆ ನುಗ್ಗಿ ಆಮೇಲೆ ಕಾರ್ಡು ತೋರಿಸಿದರೆ ಕೆಲಸವಾಗದು. ಸಹಕಾರ ಸಂಘದ ಸದಸ್ಯರಿಗೆ ತಿಂಗಳಿಗೆ 5 ರೂಪಾಯಿಯಂತೆ 2003ರಲ್ಲಿ ಶುರುವಾದ ಯಶಸ್ವಿನಿ, ನಡುವೆ ನಿಂತು, 2022ರಲ್ಲಿ ಮತ್ತೆ ಆರಂಭವಾಗಿದೆ. ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ, ನರರೋಗಕ್ಕೆ ನಿಮ್ಹಾನ್ಸ್. ಅಲ್ಲಿನ ಸಾಲು ಉದ್ದ ನಿಜ, ತಜ್ಞರು ಮಾತ್ರ ಯಾರಿಗೂ ಕಡಿಮೆಯಿಲ್ಲ.

ಕಾಲೇಜಿಗೆ ಹೊರಟ ಮಕ್ಕಳಿಗೆ ಎರಡು ಮಾತು. ಪ್ರವೇಶದ ಫೀಸಿನಲ್ಲಿ ‘ವಿದ್ಯಾರ್ಥಿ ವಿಮೆ’ ಎಂದು ಒಂದಿಷ್ಟು ಸೇರಿಸಿದ್ದರೆ ಅದು ಅಪಘಾತಕ್ಕೆ ಮಾತ್ರವೋ ಡೆಂಗಿ ಜ್ವರಕ್ಕೂ ಬರುತ್ತದೋ ಎಂದು ಆಫೀಸಿನಲ್ಲಿ ಕೇಳಿ. ಬಹಳ ಕಡೆ ಅಪಘಾತಕ್ಕೆ ಮಾತ್ರ. ಅಪ್ಪನ ಕಚೇರಿಯ ಗುಂಪು ವಿಮೆ ಅವರು ನಿವೃತ್ತರಾದ ದಿನ ನಿಂತುಹೋಗಬಹುದು, ಮತ್ತು ಹೆಚ್ಚಿನ ಪಾಲಿಸಿಗಳಲ್ಲಿ ಮಕ್ಕಳ ಹೆಸರು 25 ವರ್ಷಕ್ಕೆ ಬಿಟ್ಟುಹೋಗುತ್ತದೆ. ಖಾಸಗಿಯಾಗಿ ಕೊಳ್ಳುವ ಆರೋಗ್ಯ ಪಾಲಿಸಿಯ ಕಂತಿನ ಮೇಲಿದ್ದ ಶೇಕಡಾ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ. ವಯಸ್ಸು ಚಿಕ್ಕದಿದ್ದಾಗ ಕಂತೂ ಕಡಿಮೆ. ಹಾಸ್ಟೆಲಿಗೆ ಟ್ರಂಕು ಕಟ್ಟುವಾಗ ವಿಮೆ ಕಾರ್ಡಿನ ಜೆರಾಕ್ಸನ್ನೂ ಹಾಕಿ, ಅದರ ಹಿಂದೆ ದಿನದ ಬಾಡಿಗೆಯ ಮಿತಿ ಎಷ್ಟು ಎಂದು ಪೆನ್ನಿನಲ್ಲಿ ಬರೆದಿಡಿ.