ಎರಡು ನಿಮಿಷದ ಮೌನ ಸಾಕೇ?



ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. ಒಂದು ದಿನ, ನನ್ನ ಹಳೆಯ ವಿದ್ಯಾರ್ಥಿನಿ ಗಂಡನ ಮನೆಯಲ್ಲಿ ಸುಟ್ಟು ಸತ್ತಳೆಂಬ ಸುದ್ದಿ ಬಂತು. 'ಸ್ಟೌ ಸಿಡಿಯಿತು' ಎಂದರು. ಕಾಲೇಜಿನಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು. ವರದಕ್ಷಿಣೆಯ ಬಗ್ಗೆ ಬಹಿರಂಗ ಚರ್ಚೆ ಇಡೋಣ ಎಂದು ಕೇಳಿದೆ. 'ಅದು ಅವರ ಮನೆ ವಿಷಯ ಮೇಡಂ, ಇಲ್ಲಿ ಬೇಡ' ಎಂಬ ಉತ್ತರ ಬಂತು. ನಾನೂ ಸುಮ್ಮನಾದೆ. ಆ ಮೌನದಲ್ಲಿ ನನ್ನ ಪಾಲೂ ಇದೆ.

ಇಂದು ಹೇಳುತ್ತೇನೆ: ಹೆಣ್ಣಿನ ಜೀವ ಮನೆಯ ವಿಷಯವಲ್ಲ, ಮಾನವ ಹಕ್ಕಿನ ವಿಷಯ. ಅದನ್ನು ಚರ್ಚಿಸಲು ಹೆದರುವ ವಿಶ್ವವಿದ್ಯಾಲಯ ಯಾರಿಗೆ ಬೇಕು?

ಚರ್ಚೆಯಿಂದ ಏನಾಗುತ್ತದೆ ಎನ್ನುವವರಿಗೆ ಮಥುರಾ ಪ್ರಕರಣ ನೆನಪಿಸುತ್ತೇನೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. ಹೈಕೋರ್ಟು ಇಬ್ಬರು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಬಿಟ್ಟಿತು. ಹುಡುಗಿಯ ಮೈಮೇಲೆ ಗಾಯವಿಲ್ಲ ಎಂಬುದೇ ಅವಳ ವಿರುದ್ಧದ ಸಾಕ್ಷಿಯಾಯಿತು! 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಾಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಒಪ್ಪುವುದೇ ಬೇರೆ, ಹೆದರಿ ಮಣಿಯುವುದೇ ಬೇರೆ ಎಂದು ವಾದಿಸಿದರು.

ಆ ಪತ್ರ ಕಾಲೇಜಿನ ಗೋಡೆ ದಾಟಿತು. 1980ರ ಮಾರ್ಚ್ 8ರಂದು ಹಲವು ನಗರಗಳಲ್ಲಿ ಹೆಂಗಸರು ಬೀದಿಗಿಳಿದರು. 1983ರಲ್ಲಿ ಅತ್ಯಾಚಾರದ ಕಾನೂನು ತಿದ್ದುಪಡಿಯಾಯಿತು. ಅದೇ ವರ್ಷ, ವರದಕ್ಷಿಣೆ ಸಾವುಗಳ ವಿರುದ್ಧ ನಡೆದ ಹೋರಾಟದ ಫಲವಾಗಿ, ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಸಾರುವ 498ಎ ಕಲಂ ಬಂತು. 2024ರ ಜುಲೈಯಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂನಲ್ಲಿದೆ. ಪುಸ್ತಕ ಓದಿದವರೂ ಬೀದಿಗಿಳಿದವರೂ ಕೂಡಿದ್ದರಿಂದಲೇ ಕಾನೂನು ಅಲುಗಾಡಿತು.

ಈಗ ಪದವಿ ಏನಾಗಿದೆ? ಇಂಜಿನಿಯರಿಗೆ ಇಷ್ಟು, ಡಾಕ್ಟರಿಗೆ ಇಷ್ಟು, ಸರ್ಕಾರಿ ನೌಕರನಿಗೆ ಇಷ್ಟು! ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಆದರೂ ಪದವಿ ಪತ್ರವೇ ಗಂಡಿನ ಬೆಲೆಚೀಟಿ. ಆ ಚೀಟಿಗೆ ಮೊಹರು ಒತ್ತುವುದು ವಿಶ್ವವಿದ್ಯಾಲಯ. ಅದು ಉತ್ತರ ಹೇಳಬೇಡವೇ?

'ಮಕ್ಕಳು ಓದಲು ಬರುತ್ತಾರೆ, ಅವರಿಗೇಕೆ ಈ ಗಲಾಟೆ' ಎನ್ನುತ್ತಾರೆ. ನಾಳೆ ವರದಕ್ಷಿಣೆ ಕೇಳುವವನು, ಸೀಮೆಎಣ್ಣೆಗೆ ಬಲಿಯಾಗುವವಳು, ದೂರು ಬರೆದುಕೊಳ್ಳುವ ಅಧಿಕಾರಿ, ತೀರ್ಪು ಕೊಡುವ ನ್ಯಾಯಾಧೀಶ, ಎಲ್ಲರೂ ಕೂರುವುದು ಅದೇ ಬೆಂಚುಗಳ ಮೇಲೆ. ಅಲ್ಲಿ ಮಾತಾಡದೆ ಇನ್ನೆಲ್ಲಿ?

ಅಕ್ಕತಂಗಿಯರೇ, ಆ ಕಾಲೇಜು ನಿಮ್ಮ ತೆರಿಗೆಯಿಂದಲೂ ನಡೆಯುತ್ತದೆ. ಬರುವ ಸಂಘದ ಸಭೆಯಲ್ಲಿ ಇದನ್ನು ಠರಾವು ಮಾಡಿ. ಹತ್ತಿರದ ಕಾಲೇಜಿಗೆ ಹತ್ತು ಜನ ಕೂಡಿ ಹೋಗಿ, ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ವರ್ಷಕ್ಕೊಂದು ದಿನ ಬಹಿರಂಗ ಸಂವಾದ ಬೇಕೆಂದು ಕೇಳಿ. ಆ ದಿನ ನೀವು ಮಾತಾಡಿ, ಓದಿದವರು ಕೇಳಿಸಿಕೊಳ್ಳಲಿ.

ಸತ್ತವಳಿಗೆ ನಾವು ಮೌನ ಕೊಟ್ಟದ್ದು ಸಾಕು. ಬದುಕಿರುವವಳಿಗೆ ಮಾತು ಕೊಡೋಣ.