ಲಾವಂಚದ ಬೇರು

ಬೇಸಗೆ ಬಂದಿತೆಂದರೆ ಲಾವಂಚದ ನೆನಪಾಗುತ್ತದೆ. ಕುಡಿಯುವ ನೀರಿನ ಮಡಕೆಯಲ್ಲಿ ಒಂದು ಹಿಡಿ ಬೇರನ್ನಿರಿಸಿದರೆ ನೀರಿಗೆ ಹಿತವಾದ ಕಂಪು ಬರುತ್ತದೆ. ಬಾಗಿಲಿಗೆ ಅದರ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದರೆ ಒಳನುಗ್ಗುವ ಬಿಸಿಗಾಳಿಯೂ ತಂಪಾಗುತ್ತದೆ. ಮುಡಿವಾಳವೆಂಬ ಇನ್ನೊಂದು ಹೆಸರೂ ಉಳ್ಳ ಈ ಬೇರನ್ನು ಬಲ್ಲವರು ಬಹಳ. ಅದನ್ನು ಹೊತ್ತ ಹುಲ್ಲನ್ನು ಬಲ್ಲವರು ವಿರಳ.

ನೋಡುವುದಕ್ಕೆ ಅದು ಆಳೆತ್ತರದ ಒರಟು ಪೊದೆಯಷ್ಟೆ. ಗರಿಕೆಯಂತೆ ನೆಲದ ಮೇಲೆ ಹಬ್ಬುವ ಹಂಬಲ ಅದಕ್ಕಿಲ್ಲ. ಅದರ ಬೇರು ನೇರವಾಗಿ ಕೆಳಗಿಳಿಯುತ್ತದೆ. ಆಳವಾದ ಸಡಿಲ ಮಣ್ಣು ದೊರೆತಲ್ಲಿ 3 ಮೀಟರನ್ನೂ ಮುಟ್ಟುವುದುಂಟು. ದಕ್ಷಿಣ ಭಾರತದಲ್ಲಿ ನೆಟ್ಟು ಬೆಳೆಸುವ ತಳಿಯು ಮೊಳೆಯುವ ಬೀಜವನ್ನು ಕೊಡುವುದಿಲ್ಲವೆಂದೇ ಹೇಳಬೇಕು. ಬುಡವನ್ನು ಸೀಳಿ ನೆಟ್ಟಲ್ಲಿಯೇ ಅದು ನಿಲ್ಲುತ್ತದೆ. ಆದುದರಿಂದ ಪಕ್ಕದ ಪೈರಿಗೆ ಕಳೆಯಾಗಿ ಕಾಡುವ ಭಯವಿಲ್ಲ.

ಇದರ ನಿಜವಾದ ಹಿರಿಮೆ ಕಾಣುವುದು ಇಳಿಜಾರಿನ ಹೊಲದಲ್ಲಿ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ, ಸಾಲಾಗಿ ಒತ್ತೊತ್ತಾಗಿ ನೆಟ್ಟ ಲಾವಂಚವು ಜೀವಂತವಾದ ಬೇಲಿಯಾಗುತ್ತದೆ. ಮಣ್ಣಿನ ಬದು ನೀರನ್ನು ಕಟ್ಟಿ ನಿಲ್ಲಿಸಿ, ತುಂಬಿದೊಡನೆ ಒಡೆಯಬಹುದು. ಹುಲ್ಲಿನ ಬದು ಹಾಗಲ್ಲ. ಓಡಿ ಬಂದ ನೀರು ಗಡುಸಾದ ಕಾಂಡಗಳ ನಡುವೆ ವೇಗ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸಿ, ಸೋಸಿದಂತೆ ಮುಂದೆ ಹರಿಯುತ್ತದೆ. ಬುಡವು ಹೂತುಹೋದರೆ ಹುಲ್ಲು ಗೆಣ್ಣುಗಳಿಂದ ಹೊಸ ಬೇರು ಬಿಟ್ಟು ಮತ್ತೆ ಮೇಲೇಳುತ್ತದೆ. ಹೀಗೆ ಕೆಲವು ವರ್ಷಗಳಲ್ಲಿ ತನ್ನಷ್ಟಕ್ಕೆ ತಾನೇ ಒಂದು ಮೆಟ್ಟಿಲು ನಿರ್ಮಾಣವಾಗುತ್ತದೆ.

1950ರ ದಶಕದಲ್ಲಿ ಫಿಜಿ ದ್ವೀಪದ ಕಬ್ಬಿನ ತೋಟಗಳಲ್ಲಿ ಜಾನ್ ಗ್ರೀನ್‌ಫೀಲ್ಡ್ ಎಂಬಾತನು ಈ ಉಪಾಯವನ್ನು ಬಳಕೆಗೆ ತಂದನು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮೂಲಕ ಆತನೂ ರಿಚರ್ಡ್ ಗ್ರಿಮ್‌ಷಾ ಎಂಬವನೂ ಇದನ್ನೇ ಭಾರತದಲ್ಲಿ ಪ್ರಚಾರ ಮಾಡಿದರು. ಆದರೆ ಮೈಸೂರು ಸೀಮೆಯ ಗುಂಡ್ಲುಪೇಟೆಯ ಕಡೆಯ ರೈತರು ಅದಕ್ಕೂ ಬಹು ಹಿಂದಿನಿಂದಲೇ ಹೊಲದ ಎಲ್ಲೆಗೆ ಲಾವಂಚದ ಸಾಲನ್ನು ನೆಟ್ಟು ಕಾಪಾಡಿಕೊಂಡು ಬಂದಿದ್ದರು!

ಇನ್ನೊಂದು ಉಪಕಾರವನ್ನೂ ಹೇಳಬೇಕು. ಮೆಕ್ಕೆಜೋಳದ ಕಾಂಡವನ್ನು ಕೊರೆಯುವ ಹುಳುವಿನ ಪತಂಗವು ಮೊಟ್ಟೆಯಿಡಲು ಲಾವಂಚವನ್ನೇ ಹೆಚ್ಚಾಗಿ ಮೆಚ್ಚುತ್ತದೆಂದು ದಕ್ಷಿಣ ಆಫ್ರಿಕದ ಸಂಶೋಧಕರು ಕಂಡುಕೊಂಡಿದ್ದಾರೆ. ಆದರೆ ಮೊಟ್ಟೆಯೊಡೆದು ಬಂದ ಮರಿಗಳು ಆ ಹುಲ್ಲಿನಲ್ಲಿ ಬದುಕಿ ಉಳಿಯುವುದು ಅಪರೂಪ.

ಇಷ್ಟೆಲ್ಲ ಗುಣಗಳಿದ್ದರೂ ಪೇಟೆಯಲ್ಲಿ ಬೆಲೆಯಿರುವುದು ಅಗೆದು ತೆಗೆದ ಬೇರಿಗೆ ಮಾತ್ರ. ಅದರಿಂದ ಬಟ್ಟಿಯಿಳಿಸಿದ ತೈಲವು ಜಗತ್ತಿನ ಸುಗಂಧದ್ರವ್ಯಗಳಲ್ಲಿ ಸೇರುತ್ತದೆ. ಆ ತೈಲಕ್ಕೆ ಹೆಸರಾದ ಹೈಟಿ ದೇಶದಲ್ಲಿ ಬಡ ರೈತನು ಗುಡ್ಡದ ಓರೆಯನ್ನು ಅಗೆದು ಬೇರು ಕೀಳುತ್ತಾನೆ; ಸಡಿಲಗೊಂಡ ಮಣ್ಣು ಮಳೆಯ ಪಾಲಾಗುತ್ತದೆ. ಮಣ್ಣನ್ನು ಹಿಡಿಯಬಲ್ಲ ಬೇರೇ ಮಣ್ಣು ಕೊಚ್ಚಿಹೋಗುವುದಕ್ಕೆ ಕಾರಣವಾದುದು ಎಂತಹ ವಿಪರ್ಯಾಸ! ತಪ್ಪು ರೈತನದೆನ್ನಲಾಗದು. ಕಿತ್ತ ಬೇರು ಅವನಿಗೆ ಈ ವರ್ಷವೇ ಅನ್ನ ಕೊಡುತ್ತದೆ. ಉಳಿಸಿದ ಬೇರು ಕೊಡುವ ಫಲವನ್ನು ಕಾಯುವಷ್ಟು ಬಿಡುವು ಬಡತನಕ್ಕಿಲ್ಲ.

ತೈಲಕ್ಕಾಗಿ ಬೆಳೆಯುವ ಲಾವಂಚಕ್ಕೆ ಸಮತಟ್ಟಾದ ನೆಲ ಸಾಕು. ಓರೆಯ ಹೊಲದ ಸಾಲನ್ನಾದರೂ ಅಗೆಯದೆ ಬಿಡುವುದು ವಿವೇಕ. ಆ ಬೇರಿನ ಕಂಪು ಯಾರ ಮೂಗಿಗೂ ಬಾರದಿರಬಹುದು; ಮಕ್ಕಳ ಕಾಲಕ್ಕೆ ಉಳುವುದಕ್ಕೆ ಮಣ್ಣಂತೂ ಉಳಿದಿರುತ್ತದೆ.