ಕಾಡಿನ ಜಮಾಖರ್ಚು

ಮರವು ಎಲೆಯ ಸೂಕ್ಷ್ಮರಂಧ್ರಗಳ ಮೂಲಕ ಇಂಗಾಲಾಮ್ಲ ವಾಯುವನ್ನು ಹೀರುತ್ತದೆ. ಅದೇ ದ್ವಾರದಿಂದ ನೀರನ್ನೂ ಕಳೆದುಕೊಳ್ಳುತ್ತದೆ. ನೆಲ ಒಣಗಿದಾಗ ಅದು ಬಾಗಿಲನ್ನು ಮುಚ್ಚಿಕೊಳ್ಳುವುದರಿಂದ ಇಂಗಾಲದ ಸಂಚಯವೂ ಕುಗ್ಗುತ್ತದೆ. ಆದುದರಿಂದ ಕಾಡಿನ ಇಂಗಾಲದ ಜಮಾಖರ್ಚು ಬರೆಯುವವರು ನೆಲದ ತೇವವನ್ನು ಮೊದಲು ಅರಿಯಬೇಕು.

ಅದನ್ನು ಅಳೆಯಲೆಂದೇ ಅಮೆರಿಕದ ನಾಸಾ ಸಂಸ್ಥೆಯು ೨೦೧೫ರ ಜನವರಿಯಲ್ಲಿ ‘ಸ್ಮ್ಯಾಪ್’ ಉಪಗ್ರಹವನ್ನು ೬೮೫ ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿತು. ನೆಲವು ತಾನಾಗಿ ಹೊರಸೂಸುವ, ಸುಮಾರು ೨೧ ಸೆಂಟಿಮೀಟರ್ ಉದ್ದದ ಅಲೆಗಳು ಒಣಮಣ್ಣಿನಲ್ಲಿ ಪ್ರಬಲ, ಹಸಿಮಣ್ಣಿನಲ್ಲಿ ಕ್ಷೀಣ. ಆದರೆ ಅವು ತಿಳಿಸುವುದು ಮೇಲಿನ ೫ ಸೆಂಟಿಮೀಟರ್ ಪದರದ ಸುದ್ದಿಯನ್ನು ಮಾತ್ರ. ದಟ್ಟಡವಿಯಲ್ಲಿ ಎಲೆಗಳೂ ಅಡ್ಡಬರುತ್ತವೆ. ಬೇರುಗಳೋ ಮೀಟರುಗಟ್ಟಲೆ ಆಳದಲ್ಲಿ ನೀರನ್ನು ಅರಸುತ್ತವೆ! ಮಳೆಯ ಲೆಕ್ಕ, ಮಣ್ಣಿನ ಗುಣಗಳನ್ನು ಕೂಡಿಸಿ ಆ ಆಳದ ತೇವವನ್ನು ಗಣಿತವೇ ಊಹಿಸಬೇಕು. ಊಹೆ ತಪ್ಪಿದರೆ, ಬರದಿಂದ ಬಸವಳಿದ ಕಾಡಿನ ಹೆಸರಿನಲ್ಲಿ ಇಲ್ಲದ ಜಮೆಯನ್ನು ಬರೆದುಕೊಂಡು ಲೋಕವೇ ಮೋಸಹೋದೀತು.